ತಕ್ಕಡಿ ಏರದ ಮೀನು, ಲೆಕ್ಕ ಬಿಡದ ಮೌನಮ್ಮ

ಹೊನಗಡ್ಡಿಯ ಹೊಳೆದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹರಿಗೋಲುಗಳು ಒಂದರ ಹಿಂದೊಂದು ದಡಕ್ಕೆ ತಾಗುತ್ತಿವೆ. ದಂಡೆಯ ಪರಸಿ ಕಲ್ಲಿನ ಮೇಲೊಂದು ಕಾಟಾ ಇದೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಚೀಲ ತೂಗಲು ನೆಲಕ್ಕೆ ಇಟ್ಟಿರುತ್ತಾರಲ್ಲ, ಅಂಥದ್ದು. ಮೀನಿನ ದಂಡೆಯ ಕಾಟಾದ ಮೇಲೆ ಮೀನಿರಬೇಕು. ಆದರೆ ಅದರ ಮೇಲೆ ನಿಂತಿರುವುದು ದೇವಕಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿದ ದೊಡ್ಡ ಕಾಟ್ಲಾ ಮೀನನ್ನು ಎದೆಗೆ ಅವುಚಿಕೊಂಡು, ಫೋಟೊ ತೆಗೆಸಿಕೊಳ್ಳುವವರಂತೆ ನೆಟ್ಟಗೆ ನಿಂತಿದ್ದಾರೆ.

“ಅಲುಗಾಡಬ್ಯಾಡವಾ, ಅಂಕಿ ನಿಂದ್ರವಲ್ದು,” ಎನ್ನುತ್ತಾರೆ ಕಾಟಾದ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಮೌನಮ್ಮ.

“ನಾ ಎಲ್ಲಿ ಅಲುಗಾಡಾಕತ್ತೇನಿ? ಮೀನ ಅಲುಗಾಡಾಕತ್ತದ!”

ಅಂಕಿ ನಿಲ್ಲುತ್ತದೆ. ಮೌನಮ್ಮ ಅದನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. “ಈಗ ಮೀನ ಬುಟ್ಟ್ಯಾಗ ಹಾಕು. ಚೀಲ ಅಷ್ಟೇ ಹಿಡಕೊಂಡು ಮತ್ತೊಮ್ಮಿ ಏರು.” ದೇವಕಮ್ಮ ಬರಿಯ ಒದ್ದೆ ಚೀಲ ಹಿಡಿದು ಮತ್ತೆ ಏರುತ್ತಾರೆ. ಮೊದಲ ಅಂಕಿಯಲ್ಲಿ ಎರಡನೆಯದನ್ನು ಕಳೆದರೆ ಮೀನಿನ ತೂಕ. “ಎರಡನೇ ಅಂಕಿ ಜೋರಾಗಿ ಓದಿದ್ರ ನೋಡು ಮತ್ತ, ನಾಳಿಂದ ಬರಂಗಿಲ್ಲ,” ಎಂದು ದೇವಕಮ್ಮ ಗದರಿಸುತ್ತಾರೆ. ಸಾಲಿನಲ್ಲಿ ಮೀನು ಎತ್ತಿಕೊಂಡು ನಿಂತ ಹೆಂಗಸರು ಕಿಸಕ್ಕನೆ ನಗುತ್ತಾರೆ.

ಮೀನನ್ನೇ ಕಾಟಾದ ಮೇಲೆ ಒಗೆದರೆ ಒಂದೇ ಏಟಿಗೆ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಸರ್ಕಸ್ಸು ಯಾಕೆ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಕೇಳಿಯೂ ಬಿಟ್ಟೆ. ಸಾಲಿನಲ್ಲಿದ್ದ ಅಷ್ಟೂ ಹೆಂಗಸರು, ಊಟದ ಎಲೆಯನ್ನು ದಾಟಿದವರನ್ನು ನೋಡುವಂತೆ ನನ್ನನ್ನು ನೋಡಿದರು.

ಮೌನಮ್ಮ ಸುರಪುರ ತಾಲೂಕಿನ ಈ ದಂಡೆಯ ಮೀನು ಗಣತಿದಾರ್ತಿ. ವಯಸ್ಸು ನಲವತ್ತರ ಆಚೀಚೆ. ತಿಂಥಣಿಯ ಮೌನಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಮಗಳೆಂದು ಈ ಹೆಸರು. ಹೆಸರಿಟ್ಟವರ ಆಸೆ ಫಲಿಸಿಲ್ಲ. ಈ ತಾಯಿಯ ಬಾಯಿ ಬೆಳಗಿನಿಂದ ಬೈಗಿನವರೆಗೆ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಈ ದಂಡೆಯಿಂದ ಸುರಪುರಕ್ಕೆ ಹೋಗಿ ಪಿಯುಸಿ ಮುಗಿಸಿದ ಮೊದಲ ಹುಡುಗಿ. ಗಂಡ ಹಣಮಂತ್ರಾಯ ಕಾಲುವೆಯ ಗೇಟು ಏರಿಸಿ ಇಳಿಸುವ ದಿನಗೂಲಿ ನೌಕರ. “ಅವಂದು ನೀರಿನ ಅಳತಿ, ನಂದು ಮೀನಿನ ಅಳತಿ. ಎರಡೂ ಕೂಡಿದ್ರ ಮನ್ಯಾಗ ಸಾರು,” ಎಂದು ನಗುತ್ತಾರೆ.

ಹೊಲ, ಅಡವಿ, ನೀರು. ಒಂದು ಜಿಲ್ಲೆಯ ಗಳಿಕೆಯಲ್ಲಿ ಈ ಮೂರರ ಪಾಲು ಎಷ್ಟು ಎಂದು ಸರಕಾರ ಪ್ರತಿ ವರ್ಷ ಲೆಕ್ಕ ಹಾಕುತ್ತದೆ. ಯಾದಗಿರಿಯ ಭತ್ತ, ಹತ್ತಿ, ತೊಗರಿ ಕಣ್ಣಿಗೆ ಕಾಣುವ ಮಾಲು, ಅಳೆಯುವುದು ಸಲೀಸು. ಮೀನು ಹಾಗಲ್ಲ. ನೀರಿನಲ್ಲಿ ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುವುದು ಗಾದೆ. ಅಣೆಕಟ್ಟು ಬಂದು, ಕಾಲುವೆಗಳು ಶಹಾಪುರದ ಆಚೆಗೂ ಹರಿದು, ಕೃಷ್ಣೆಯ ಹಿನ್ನೀರಿನಲ್ಲಿ ಮೀನುಮರಿ ಬಿಟ್ಟ ಮೇಲಂತೂ ಆ ಹೆಜ್ಜೆ ಇನ್ನಷ್ಟು ದೂರ ಹೋಗಿದೆ. ಹಿಡಿದ ಮೀನು ದಡಕ್ಕೆ ಬಂದ ಕ್ಷಣದಲ್ಲಿ ಅದನ್ನು ಅಲ್ಲೇ ಹಿಡಿದು ಅಂಕಿ ಮಾಡುವುದು ಮೌನಮ್ಮನಂಥವರ ಕೆಲಸ. ಆಮೇಲೆ ಆ ಅಂಕಿ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ ಹೋಗುತ್ತದೆ. ಅಲ್ಲಿ ಕುಳಿತವರಿಗೆ ಅದರ ವಾಸನೆಯೂ ತಾಗುವುದಿಲ್ಲ.

ಕೆಲಸವೇನೋ ಸರಕಾರದ್ದು, ಸಂಬಳ ಮಾತ್ರ ಗೌರವಧನ. ಅದು ಬಂದಾಗ ಬಂತು. ಮಳೆಗಾಲದಲ್ಲಿ ದಂಡೆ ಜಾರುತ್ತದೆ. ಒಂದು ಸಲ ಕಾಟಾ ಸಮೇತ ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದಾರೆ. ಮೊದಮೊದಲು ಜನ ಇವರನ್ನು ಕಂದಾಯದವರ ಕಡೆಯವರೆಂದು ತಿಳಿದು ಬಲೆಯಡಿ ಮೀನು ಮುಚ್ಚಿಡುತ್ತಿದ್ದರು. “ನನ್ನ ಸೋದರಮಾವನs ಮುಚ್ಚಿಡ್ತಿದ್ದ ನೋಡ್ರಿ. ಬಾಲ ಹೊರಗ ಬಿಟ್ಟು ಮುಚ್ಚಿಡ್ತಿದ್ದ! ಮಾವಾ, ಬಾಲಾನೂ ಒಳಗ ಸೇರಸು ಅಂತಿದ್ದೆ.”

ಈ ವಾರ ಮಾತ್ರ ಮೌನಮ್ಮನ ನಗುವಿನ ಹಿಂದೆ ಸಣ್ಣ ಚಡಪಡಿಕೆ ಇದೆ. ಅದಕ್ಕೆ ಕಾರಣ ಬರ್ಫದ ಗಾಡಿ. ಮೀನುಗಾರರ ಸಂಘದ್ದು ಇರುವುದೇ ಒಂದು ಗಾಡಿ. ಬೆಳಿಗ್ಗೆ ಶಹಾಪುರದಿಂದ ಮಂಜುಗಡ್ಡೆ ತುಂಬಿಕೊಂಡು ಬಂದು, ಮೀನು ತುಂಬಿಕೊಂಡು ಹೋಗುತ್ತದೆ. ಸದ್ಯ ಅದು ಹೊನಗಡ್ಡಿಗೆ ಬರುತ್ತಿದೆ. ಹೊಳೆಯ ಕೆಳಗಡೆಯ ಕರಿಬಂಡಿ ದಂಡೆಯವರೂ ಅದನ್ನು ಕೇಳಿದ್ದಾರೆ. ಗಣತಿಯ ವರ್ಷದ ಲೆಕ್ಕದಲ್ಲಿ ಎಲ್ಲಿ ಮೀನು ಹೆಚ್ಚೋ ಗಾಡಿ ಅಲ್ಲಿಗೆ, ಎಂದು ಸಂಘ ತೀರ್ಮಾನಿಸಿದೆ. ಗಾಡಿ ತಪ್ಪಿದರೆ ಇಲ್ಲಿನವರ ಗತಿ ಹಳೆಯದೇ: ಬಿಸಿಲೇರುವುದರೊಳಗೆ ಬಂದ ದರಕ್ಕೆ ಮಾರಬೇಕು, ಉಳಿದದ್ದನ್ನು ಹೆಂಗಸರು ತಲೆಯ ಮೇಲೆ ಹೊತ್ತು ಸುರಪುರದ ಬಜಾರಕ್ಕೆ ಓಡಬೇಕು, ಅಲ್ಲಿ ಮೂಗು ಮುರಿದವರಿಗೆ ಅಗ್ಗಕ್ಕೆ ಕೊಟ್ಟು ಬರಬೇಕು. ಬೇಸಿಗೆಯಲ್ಲಂತೂ ಅರ್ಧ ಬುಟ್ಟಿ ಹೊಳೆಗೇ ಚೆಲ್ಲಿದ್ದುಂಟು. ಲೆಕ್ಕವೆಲ್ಲ ಸಂಘಕ್ಕೆ ಹೋಗಿ ಮುಟ್ಟಿದೆ. ಇವತ್ತೋ ನಾಳೆಯೋ ಉತ್ತರ ಬರಬೇಕು.

ಹೀಗಿರುವಾಗ ಈ ದಂಡೆಯ ಮೀನಿನಲ್ಲಿ ಸುಮಾರು ಐದರಲ್ಲೊಂದು ಪಾಲು ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಕಳ್ಳತನವಲ್ಲ, ಸಂಪ್ರದಾಯ. ಪ್ರತಿ ಹರಿಗೋಲಿನ ಮೊದಲ ಒಳ್ಳೆ ಮೀನು ‘ಮನಿ ಮೀನ’. ಅದನ್ನು ಮಾರುವಂತಿಲ್ಲ, ತೂಗುವಂತಿಲ್ಲ. ಹರಿಗೋಲು ದಡಕ್ಕೆ ಬರುತ್ತಲೇ ಮನೆಯ ಹೆಂಗಸು ಅದನ್ನು ಒದ್ದೆ ಚೀಲದಲ್ಲಿ ಸುತ್ತಿ ಮನೆಗೆ ಒಯ್ಯಬೇಕು. ಹೊಳೆ ಉಣ್ಣಲು ಕೊಟ್ಟದ್ದನ್ನು ತಕ್ಕಡಿಗೆ ಹಾಕಿದರೆ ಹೊಳೆಗೆ ಸಿಟ್ಟು ಬರುತ್ತದೆ, ಬಲೆ ಬರಿದಾಗುತ್ತದೆ ಎಂಬುದು ಇಲ್ಲಿನವರ ನಂಬಿಕೆ. ತಾಯಿ ಬಡಿಸಿದ ಅನ್ನವನ್ನು ತೂಗಿ ನೋಡಿ ಉಣ್ಣುವವರುಂಟೇ ಎಂದು ಅವರು ಕೇಳುತ್ತಾರೆ.

ತಮಾಷೆಯೆಂದರೆ, ಹಲವು ವರ್ಷ ಈ ಮೀನನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟವರು ಸಾಕ್ಷಾತ್ ಮೌನಮ್ಮನೇ. ಬಿಟ್ಟೆನೆಂಬುದೂ ಅವರಿಗೆ ಗೊತ್ತಿರಲಿಲ್ಲ. ಭೀಮರಾಯನಗುಡಿಯಲ್ಲಿ ಗಣತಿದಾರರಿಗೆಲ್ಲ ಒಂದು ತರಬೇತಿ ನಡೆದಾಗ ಅದು ಹೊರಬಿತ್ತು. ಕಲಿಸಲು ಬಂದವರು ಅಂಕಿಸಂಖ್ಯೆ ನಿರೀಕ್ಷಕ ದೇವಿಂದ್ರ. ಆ ಸಂಗತಿಯನ್ನು ಮೌನಮ್ಮನ ಬಾಯಲ್ಲೇ ಕೇಳಬೇಕು.

“ಸರ್ ಅಂದ್ರು, ರೈತ ಬೆಳೆದ ಜ್ವಾಳ ಬಜಾರಕ್ಕ ಹೋದ್ರೂ ಬೆಳಿನೇ, ಮನ್ಯಾಗ ರೊಟ್ಟಿ ಆದ್ರೂ ಬೆಳಿನೇ, ಎರಡೂ ದೇಶದ ಹಿಸಾಬಿನಾಗ ಬರ್ಬೇಕು ಅಂತ. ಬರೋಬ್ಬರಿ ಅದ ಅಂತ ನಾನೂ ಗೋಣ ಹಾಕ್ದೆ. ಆಮ್ಯಾಲ ನನ್ನ ಕಡಿಗೆ ತಿರುಗಿ, ನಿನ್ನಿ ನಿಮ್ಮನ್ಯಾಗ ಏನ ಸಾರು ಅಂತ ಕೇಳಿದ್ರು. ಮೀನಿಂದ್ರಿ ಅಂದೆ. ಅದನ್ನ ಲೆಕ್ಕದಾಗ ಹಿಡಿದೀರೇನು ಅಂದ್ರು. ನಾ ಏನ ಅಂದಿರಬೇಕು ಹೇಳ್ರಿ? ಸರ್, ಅದು ಮೀನಲ್ರಿ, ಅದು ಮನಿ ಮೀನ!”

ಇಡೀ ಸಭೆ ಗೊಳ್ಳೆಂದು ನಕ್ಕಿತಂತೆ. ಆದರೆ ನಕ್ಕವರ ಪಾಡೂ ಬೇರೆಯಿರಲಿಲ್ಲ. ಸಗರದಲ್ಲಿ ಹಾಲಿನ ಗಣತಿ ಮಾಡುವ ಮಮ್ತಾಜ ನಗು ನಿಲ್ಲಿಸಿ, “ಹಂಗಾರ ಚಹಾಕ್ಕ ಹಾಕಿದ ಹಾಲೂ ಹಾಲೇನ್ರಿ ಸರ್?” ಎಂದು ಕೇಳಿಬಿಟ್ಟಳು. ಶಹಾಪುರದ ಗುಡ್ಡದ ಕಡೆಯವರೊಬ್ಬರು, ಹೆಂಗಸರು ಅಡವಿಯಿಂದ ತರುವ ಸೀತಾಫಲ, ಕಟ್ಟಿಗೆ ಯಾವ ಲೆಕ್ಕಕ್ಕೆ ಎಂದರು. ದೇವಿಂದ್ರ ಅವತ್ತು ಮಧ್ಯಾಹ್ನದ ಊಟಕ್ಕೆ ತಡವಾಗಿ ಎದ್ದರು ಎನ್ನುತ್ತಾರೆ.

ಮೌನಮ್ಮನಿಗೆ ಮಾತ್ರ ಆ ನಗು ಒಳಗೆ ನಾಟಿತು. “ಬಸ್ಸಿನಾಗ ಕುಂತು ಯೋಚನಿ ಮಾಡ್ದೆ. ದಿನಾ ಬೆಳಿಗ್ಗಿ ನನ್ನ ಕಣ್ಣ ಮುಂದನs ಚಲೋ ಚಲೋ ಮೀನ ಹೋಗ್ತಿದ್ವು. ನನ್ನ ಕಣ್ಣಿಗೆ ಅವು ಕಾಣ್ತಿರಲೇ ಇಲ್ಲರಿ. ಯಾಕಂದ್ರ ಅವನ್ನ ಹೆಂಗಸ್ರು ಒಯ್ತಿದ್ರು, ಬ್ಯಾಪಾರದವ್ರು ಒಯ್ತಿರಲಿಲ್ಲ.” ಈ ಮಾತನ್ನು ಅವರು ನಗದೇ ಹೇಳುತ್ತಾರೆ. ನನಗೂ ಅದು ನಾಟಿತು.

ಗೊತ್ತಾದದ್ದು ಸರಿ, ತೂಗುವುದು ಹೇಗೆ? ಕಣ್ಣಂದಾಜಿನಲ್ಲಿ ಬರೆದುಕೊಟ್ಟರು, ಅಂದಾಜು ನಡೆಯುವುದಿಲ್ಲವೆಂದು ದೇವಿಂದ್ರ ವಾಪಸು ಕಳಿಸಿದರು. ಹೆಂಗಸರನ್ನು ಬೇಡಿಕೊಂಡರು, ಅವರು ಮೀನು ಸೆರಗಿನಲ್ಲಿ ಮುಚ್ಚಿಕೊಂಡು ಬೇರೆ ದಾರಿ ಹಿಡಿದರು. ಮೀನು ಕೊಳ್ಳುವ ಶಹಾಪುರದ ವ್ಯಾಪಾರಿ ಖಾಜಾಹುಸೇನ ತನ್ನದೊಂದು ಸಲೀಸು ದಾರಿ ತೋರಿಸಿದ. ಆ ಮಾತುಕತೆಯನ್ನು ಆತ ಇವತ್ತು ನನ್ನೆದುರೇ ಒಪ್ಪಿಕೊಳ್ಳುತ್ತಾನೆ: “ಅಂದಿದ್ದು ಖರೇ ಅದ ರೀ. ಮೌನಕ್ಕಾ, ಅಂಕಿ ಸ್ವಲ್ಪ ಏರಿಸಿ ಬರಿ, ಯಾರಪ್ಪನ ಗಂಟು ಏನ ಹೋಗ್ತದ, ನಮಗ ಗಾಡಿ ಉಳೀತದ ಅಂದೆ. ಈ ಅಕ್ಕ ಏನಂದ್ಳು ಗೊತ್ತೇನು? ಭಾಯಿ, ಬರೆದ ಮೀನಿಂದ ಸಾರು ಆಗ್ತದೇನು ಅಂದ್ಳು!”

ಪರಿಹಾರ ಸಿಕ್ಕಿದ್ದು ಅಂಗನವಾಡಿಯಲ್ಲಿ. ಅಲ್ಲಿನ ಕಾರ್ಯಕರ್ತೆ ಆಮೀನಾ ಮೌನಮ್ಮನ ಗೆಳತಿ. ಒಂದು ದಿನ ಆಕೆ ಕೂಸುಗಳ ತೂಕ ನೋಡುತ್ತಿದ್ದಾಳೆ. ಒಂದು ಕೂಸು ಕಾಟಾದ ಮೇಲೆ ಕೂರಿಸಿದರೆ ಚಿಟ್ಟನೆ ಚೀರುತ್ತದೆ, ಹೊರಳುತ್ತದೆ. ಆಮೀನಾ ತಲೆ ಕೆಡಿಸಿಕೊಳ್ಳಲಿಲ್ಲ. ಕೂಸನ್ನು ಎತ್ತಿಕೊಂಡೇ ಏರು ಎಂದು ತಾಯಿಗೆ ಹೇಳಿದಳು. ಆಮೇಲೆ ತಾಯಿಯನ್ನು ಒಬ್ಬಳೇ ತೂಗಿ, ಕಳೆದಳು. ಕೂಸಿನ ತೂಕ ಸಿಕ್ಕಿತು, ಚೀರಾಟ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೌನಮ್ಮ, “ಆಮೀನಾ, ನಿನ್ನ ಕೈಗೆ ಬಂಗಾರದ ಬಳಿ ಹಾಕ್ಬೇಕು ನೋಡು!” ಎಂದು ಕೂಗಿದ್ದು ಓಣಿಗೆಲ್ಲ ಕೇಳಿಸಿತಂತೆ. ಬಳೆ ಇನ್ನೂ ಬಂದಿಲ್ಲ ಎಂಬುದು ಆಮೀನಾಳ ತಕರಾರು.

ಹೀಗೆ ಕೂಸಿಗೆ ಆದದ್ದು ಮೀನಿಗೂ ಆಯಿತು. ಆದರೂ ದಂಡೆಯ ಕಟ್ಟೆಯ ಮೇಲೆ ಅದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಮೀನು ಎತ್ತಿಕೊಂಡ ಹೆಂಗಸು ಕಾಟಾ ಏರಿದರೆ ಮೀನು ಏರಿದಂತೆಯೋ ಅಲ್ಲವೋ? ಪಂಡಿತರು ಕುಳಿತರೂ ಇಷ್ಟು ಚೆನ್ನಾಗಿ ವಾದ ಮಾಡುತ್ತಿದ್ದರೋ ಇಲ್ಲವೋ. ಕಡೆಗೆ ದೇವಕಮ್ಮನ ಗಂಡ ತಾಯಪ್ಪ ತೀರ್ಪು ಕೊಟ್ಟರು: “ಹೆಂಡ್ತಿ ಬಸ್ಸಿನಾಗ ಕುಂತು ಮೀನ ತೊಡಿಮ್ಯಾಲ ಇಟ್ಕೊಂಡ್ರ ಮೀನಿಗೆ ಟಿಕೀಟು ತಗೋತಾರೇನು? ಇಲ್ಲ. ಅಂದ್ರ ಮೀನ ಏರಿಲ್ಲ. ಬಾಲ ಅಷ್ಟು ಕಾಟಾಕ್ಕ ತಾಗಬಾರ್ದು, ಮುಗೀತು.” ಅಂದಿನಿಂದ ಅದೇ ಕಾಯಿದೆ. ಇವತ್ತೂ ಪ್ರತಿ ಹೆಂಗಸು ಏರುವ ಮುಂಚೆ ಮೀನಿನ ಬಾಲವನ್ನು ಚೀಲದೊಳಗೆ ಮಡಚಿಕೊಳ್ಳುವುದನ್ನು ನೋಡಿದೆ.

ಮೌನಮ್ಮ ತಮ್ಮ ಕಡೆಯಿಂದ ಇನ್ನೊಂದು ಕಾಯಿದೆ ಸೇರಿಸಿದ್ದಾರೆ. ಒಬ್ಬರ ಮನೆಯ ಮೀನಿನ ತೂಕವನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಹೆಂಗಸಿನ ತೂಕವನ್ನಂತೂ ಹೇಳುವುದೇ ಇಲ್ಲ. “ಒಲಿ ಮ್ಯಾಲ ಎಷ್ಟು ಕುದೀತದ ಅನ್ನೋದು ಮನಿ ಮಾನ. ಒಟ್ಟು ಅಂಕಿ ಸರಕಾರದ್ದು, ಬಿಡಿ ಅಂಕಿ ಅವರವರದು,” ಎನ್ನುತ್ತಾರೆ.

ಎಲ್ಲರೂ ಒಪ್ಪಿದರು, ಒಬ್ಬರನ್ನು ಬಿಟ್ಟು. ಆ ಒಬ್ಬರೇ ಅಂಬ್ರಪ್ಪ ಮುತ್ಯಾ, ದಂಡೆಗೆಲ್ಲ ಅಜ್ಜ. ಎಪ್ಪತ್ತು ದಾಟಿದರೂ ಹೊಳೆಗಿಳಿಯುವುದನ್ನು ಬಿಡದ, ದಂಡೆಯಲ್ಲೇ ಎಲ್ಲರಿಗಿಂತ ದೊಡ್ಡ ಮೀನು ಹಿಡಿಯುವ, ಅಷ್ಟೇ ದೊಡ್ಡ ಹಟದ ಆಸಾಮಿ. ಅವರ ಮನೆಯ ಮೀನು ಬಿಟ್ಟರೆ ಲೆಕ್ಕದಲ್ಲಿ ದೊಡ್ಡ ತೂತು ಬೀಳುತ್ತದೆ. ಮೌನಮ್ಮ ಅವರ ಹಿಂದೆ ಬಿದ್ದು ಬಿದ್ದು ಸೋತಿದ್ದಾರೆ. ನಾನು ಮಾತನಾಡಿಸಿದಾಗ ಮುತ್ಯಾ ಬಲೆ ಕೊಡವುತ್ತಲೇ ಎದೆಯುಬ್ಬಿಸಿದರು.

“ನೋಡ್ರಿ ಪೇಪರಿನವ್ರ, ಬರಕೋರಿ. ನನ್ನ ಮನಿ ಮೀನ ಎಂದೂ ಕಾಟಾದ ನೆರಳಿಗೆ ಸೈತ ಹೋಗಿಲ್ಲ. ಅದಕ್ಕನs ಈ ವರ್ಷ ಹೊಳಿ ನನಗ ಕೈ ಎತ್ತಿ ಕೊಟ್ಟದ. ಇವ್ರೆಲ್ಲ ಹೆಂಡ್ತೇರ್ನ ಕಾಟಾ ಏರಿಸ್ಯಾರ, ನಮ್ಮ ಸುಂದ್ರಮ್ಮ ಏರಂಗಿಲ್ಲ. ಬಿಲ್ಕುಲ್ ಏರಂಗಿಲ್ಲ!”

ತಾಯಪ್ಪ ಆಕಾಶ ನೋಡಿದರು. ಖಾಜಾಹುಸೇನ ಬೆರಳಲ್ಲಿ ಮೀಸೆ ಒತ್ತಿಕೊಂಡ. ಮುತ್ಯಾನ ಹೆಂಡತಿ ಸುಂದ್ರಮ್ಮ ಚೀಲ ಸುತ್ತಿದ ಮೀನು ಎತ್ತಿಕೊಂಡು, ಕಾಟಾದ ಕಡೆ ತಿರುಗಿಯೂ ನೋಡದೆ, ಗಂಭೀರವಾಗಿ ಊರ ದಾರಿ ಹಿಡಿದರು. ಏನೋ ಇದೆ ಎಂದು ನನಗನಿಸಿತು. ದೇವಕಮ್ಮ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

“ಸುಂದ್ರಮ್ಮ ಆಯಿ ಸೀದಾ ಮನಿಗೆ ಹೋಗಂಗಿಲ್ರಿ. ಮೈನುದ್ದೀನನ ಹಿಟ್ಟಿನ ಗಿರಣಿಗೆ ಹೋಗ್ತಾಳ. ಅಲ್ಲಿ ಚೀಲದ ಕಾಟಾ ಅದ. ಅದನ್ನ ಏರಿ ತೂಕ ಮಾಡಿಸ್ಕೊಂಡು ಮೌನವ್ವಗ ಫೋನ್ ಮಾಡ್ತಾಳ. ಯುಗಾದಿಯಿಂದ ನಡದದ. ಊರಿಗೆಲ್ಲ ಗೊತ್ತದ, ಮುತ್ಯಾಗ ಅಷ್ಟೇ ಗೊತ್ತಿಲ್ಲ.”

ಖಾತ್ರಿ ಮಾಡಿಕೊಳ್ಳಲು ಗಿರಣಿಯ ತನಕ ನಡೆದೆ. ಮೈನುದ್ದೀನನಿಗೆ ಆಯಿಯ ಮೇಲೆ ಗೌರವ ಬಹಳ, ಮೀನಿನ ಮೇಲೆ ಮಾತ್ರ ಮುನಿಸು. “ಮೊದ್ಲ ಒಳಗ ಬರ್ತಿದ್ಳು ರೀ. ಮಂದಿ ಬಂದು, ಏನಪಾ, ನಿನ್ನ ಜ್ವಾಳದ ಹಿಟ್ಟು ಮೀನ ನಾರ್ತದ ಅಂತ ಜಗಳಾ ತಗದ್ರು. ಈಗ ಆಕಿ ಬರೂ ಟೈಮಿಗೆ ಕಾಟಾನs ಹೊರಗ ಕಟ್ಟಿಮ್ಯಾಲ ಎಳದಿಡ್ತೀನಿ. ಏನ ಮಾಡೂದು, ಬರ್ಫದ ಗಾಡಿ ಇದ್ರ ಊರಾಗ ನಾಕು ಕಾಸು ಓಡಾಡ್ತದ, ನನ್ನ ಗಿರಣೀನೂ ತಿರುಗ್ತದ.” ಅಷ್ಟರಲ್ಲಿ ಸುಂದ್ರಮ್ಮ ಕಟ್ಟೆಯ ಮೇಲಿನ ಕಾಟಾ ಏರಿ ನಿಂತಿದ್ದರು. ಬಾಲ ಮಡಚಿಕೊಂಡಿದ್ದರು.

ನಾನು ಮತ್ತೆ ದಂಡೆಗೆ ಬರುವಷ್ಟರಲ್ಲಿ ಬಿಸಿಲು ಚುರುಕಾಗಿದೆ. ಬರ್ಫದ ಗಾಡಿ ಬಂದು ನಿಂತಿದೆ. ಪೆಟ್ಟಿಗೆಗಳಿಗೆ ಮೀನು ತುಂಬಿ ಮೇಲೆ ಮಂಜುಗಡ್ಡೆ ಸುರಿಯುವ ಸದ್ದು. ಇದೇ ಕೊನೆಯ ಸಲವೋ ಏನೋ ಎಂಬ ಅಳುಕು ಎಲ್ಲರ ಮುಖದಲ್ಲೂ ಇದೆ. ಸುಂದ್ರಮ್ಮನೂ ಮೀನನ್ನು ಸೊಸೆಯ ಕೈಗೆ ಕೊಟ್ಟು ಖಾಲಿ ಚೀಲದೊಂದಿಗೆ ಬಂದು ನಿಂತಿದ್ದಾರೆ. ಆಗ ಮೌನಮ್ಮನ ಫೋನು ಗುನುಗುತ್ತದೆ. ದೇವಿಂದ್ರ ಅವರದು. ಮೌನಮ್ಮ ಸ್ಪೀಕರು ಒತ್ತುತ್ತಾರೆ.

“ಮೌನಮ್ಮ, ಸಂಘದವ್ರು ಒಪ್ಪಿದ್ರು. ಮಾರಿದ ಮೀನ ನೋಡಿದ್ರ ಕರಿಬಂಡಿಯವ್ರದೇ ಒಂದು ಕೈ ಮ್ಯಾಲ ಇತ್ತು. ಮನಿ ಮೀನ ಕೂಡಿಸಿದಾಗ ನಿಮ್ಮದು ಹೆಚ್ಚಾತು. ಗಾಡಿ ನಿಮ್ಮ ದಂಡಿಗೇ.”

ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಹೆಂಗಸರು ಕೂಗಿದ್ದೇ ಕೂಗಿದ್ದು. ತಾಯಪ್ಪ ಒಂದು ಹಿಡಿ ಮಂಜುಗಡ್ಡೆ ತೆಗೆದು ಖಾಜಾಹುಸೇನನ ಅಂಗಿಯೊಳಗೆ ಬಿಟ್ಟರು. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಇವತ್ತೇ.

ಆ ಗದ್ದಲದ ನಡುವೆ ಒಬ್ಬರು ಮಾತ್ರ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದರು. “ತಡಿ ತಡಿ,” ಎಂದರು ಅಂಬ್ರಪ್ಪ ಮುತ್ಯಾ. “ಮೌನವ್ವಾ, ‘ಮುತ್ಯಾ, ನಿನ್ನ ಮೀನಿಲ್ಲದs ಅಂಕಿ ಮುಟ್ಟಂಗಿಲ್ಲ’ ಅಂತ ದಿನಾ ನನ್ನ ಮುಂದ ಅಳ್ತಿದ್ದಿ. ಈಗ ಹ್ಯಾಂಗ ಮುಟ್ತು?”

ಮೌನಮ್ಮ ಬಾಯಿ ತೆರೆದು ಮುಚ್ಚಿದರು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವರು ಹೆಸರಿಗೆ ತಕ್ಕಂತೆ ನಿಂತಿದ್ದನ್ನು ನಾನು ಕಂಡೆ. ಲೆಕ್ಕದ ವಿಷಯದಲ್ಲಿ ಸುಳ್ಳು ಹೇಳಲಾರರು, ಆಯಿಯ ಗುಟ್ಟು ಬಿಟ್ಟುಕೊಡಲಾರರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಹೊತ್ತು. ಸುಂದ್ರಮ್ಮನೇ ಮುಂದೆ ಬಂದರು.

“ನಾ ಏರೀನಿ. ಗಿರಣ್ಯಾಗ. ಯುಗಾದಿಯಿಂದ.”

ಮುತ್ಯಾ ಹೆಂಡತಿಯನ್ನು ನೋಡಿದರು, ಕಾಟಾ ನೋಡಿದರು, ಹೊಳೆಯನ್ನು ನೋಡಿದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದರು.

“ಯುಗಾದಿಯಿಂದ?” ಎಂದರು ಕಡೆಗೆ. “ಅಂದ್ರ ಆ ದೊಡ್ಡ ಬಾಳಿಮೀನ ಸಿಕ್ತಲ್ಲ, ಅದು ಯುಗಾದಿ ಆದ ಮ್ಯಾಲ?”

“ಹೌದು. ಆದ ಮ್ಯಾಲನs.”

“ಹಂಗಾರ ಹೊಳಿಗೆ ಸಿಟ್ಟು ಬಂದಿಲ್ಲ.”

“ಹೊಳಿ ಹೆಂಗಸಲ್ಲೇನು?” ಎಂದರು ಸುಂದ್ರಮ್ಮ. “ಹೆಂಗಸು ಮೀನ ಎತ್ತಿಕೊಂಡು ನಿಂತ್ರ ಆಕೀಗ್ಯಾಕ ಸಿಟ್ಟು? ನಿನಗs ಸಿಟ್ಟು.”

ಮುತ್ಯಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುವ ನೆಪದಲ್ಲಿ ನಕ್ಕರು ಎಂದೇ ನನ್ನ ಗುಮಾನಿ. “ನಾಳಿಂದ ಗಿರಣಿಗೆ ಅಲೀಬ್ಯಾಡ. ಮಣಕಾಲು ನೋಯ್ತಾವ ಅಂತಿ. ಇಲ್ಲೇ ಏರು,” ಎಂದರು. ಅಲ್ಲಿಗೇ ಬಿಟ್ಟಿದ್ದರೆ ಅವರು ಅಂಬ್ರಪ್ಪ ಆಗುತ್ತಿರಲಿಲ್ಲ. ಮೌನಮ್ಮನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು: “ಅಲ್ಲ ತಂಗಿ, ಒಟ್ಟು ನಮ್ಮ ಮನಿ ಮೀನ ಎಷ್ಟಾತು? ತಾಯಪ್ಪಂದಕಿಂತ ಹೆಚ್ಚದನೋ ಕಮ್ಮಿ ಅದನೋ, ಅಷ್ಟು ಹೇಳು.”

“ಹೇಳಂಗಿಲ್ಲ ಮುತ್ಯಾ.”

“ಹೂಂ ಇಲ್ಲಾ ಊಂಹೂಂ ಅನ್ನು ಸಾಕು.”

“ಅದೂ ಅನ್ನಂಗಿಲ್ಲ.” ಮೌನಮ್ಮನಿಗೆ ಮಾತು ಮರಳಿತ್ತು.

ಗಾಡಿ ಹೊರಟ ಮೇಲೆ ದಂಡೆ ಖಾಲಿಯಾಗುತ್ತದೆ. ಮೌನಮ್ಮ ಕಾಟಾ ತೊಳೆದು, ಬಟ್ಟೆಯಲ್ಲಿ ಒರೆಸಿ, ಗುಡಿಸಲೊಳಗೆ ಇಡುತ್ತಾರೆ. ಫೋನಿನಲ್ಲಿ ಕಡೆಗೆ ದೇವಿಂದ್ರ ಏನಂದರು ಎಂದು ಕೇಳಿದೆ. ಗದ್ದಲದಲ್ಲಿ ನನಗದು ಕೇಳಿಸಿರಲಿಲ್ಲ. ಅವರಿಗೆ ಕೇಳಿಸಿತ್ತು. ಕರಿಬಂಡಿಯಲ್ಲೂ ಮನಿ ಮೀನಿನ ಪದ್ಧತಿ ಇದೆ, ಅಲ್ಲಿ ಅದು ಇನ್ನೂ ಲೆಕ್ಕಕ್ಕೆ ಬರುತ್ತಿಲ್ಲ. ಬರುವ ಸೋಮವಾರದಿಂದ ಹೋಗಿ ಅಲ್ಲಿನ ಹೆಂಗಸರಿಗೆ ಕಲಿಸಿಕೊಡಬೇಕಂತೆ. ಮೌನಮ್ಮ ಆಗಲಿ ಅಂದುಬಿಟ್ಟಿದ್ದಾರೆ.

ಪೆಟ್ಟಿಗೆ ಜೋಡಿಸುತ್ತಿದ್ದ ಖಾಜಾಹುಸೇನ ಹೌಹಾರಿದ. “ಯಾ ಅಲ್ಲಾ! ಅಕ್ಕಾ, ನಿನಗೇನು ದಿಮಾಕು ಖರಾಬ ಆಗ್ಯಾದೇನು? ಅವ್ರ ಮನಿ ಮೀನ ಕೂಡಿದ್ರ ಮುಂದಿನ ವರ್ಷ ಅಂಕಿ ಅವ್ರದs ಹೆಚ್ಚಾಗ್ತದ. ಗಾಡಿ ಅಲ್ಲಿಗೆ ಹೋಗ್ತದ!”

ಆತ ಹೇಳುವುದರಲ್ಲೂ ಸುಳ್ಳಿಲ್ಲ. ಇಷ್ಟೆಲ್ಲ ಒದ್ದಾಡಿ ಉಳಿಸಿಕೊಂಡ ಗಾಡಿಯನ್ನು ತಾವೇ ಕೈಯಾರೆ ಕಳಿಸಿಕೊಟ್ಟಂತೆ ಆಗುವುದಿಲ್ಲವೇ ಎಂದು ನಾನೂ ಕೇಳಿದೆ.

“ಆಗಬಹುದ್ರಿ,” ಎಂದರು ಮೌನಮ್ಮ. “ಎರಡೂ ದಂಡಿ ಅಂಕಿ ದೊಡ್ಡವಾದ್ರ ಎರಡು ಗಾಡಿ ಕೇಳೋಣು ಅನ್ನೋದು ನನ್ನ ಆಸಿ. ಕೊಡ್ತಾರೋ ಇಲ್ಲೋ ಗೊತ್ತಿಲ್ಲ.” ಒಂದು ಗಳಿಗೆ ಹೊಳೆಯ ಕೆಳಗಡೆಗೆ, ಕರಿಬಂಡಿಯ ದಿಕ್ಕಿಗೆ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡರು.

“ಖರೇ ಹೇಳ್ತೀನ್ರಿ, ಹೆದರಿಕಿ ಅದ. ಆದ್ರ ಆ ಹೆಂಗಸ್ರೂ ದಿನಾ ಮೀನ ಒಯ್ದು ಸಾರು ಮಾಡ್ಯಾರ, ಮಕ್ಕಳಿಗೆ ನೀಡ್ಯಾರ. ಅವ್ರೂ ಉಂಡಾರಲ್ರಿ. ಉಂಡದ್ದು ಬರೀದs ಹ್ಯಾಂಗ ಬಿಡ್ಲಿ?”